ಸೊನ್ನೆಯ ಮುಂದಿನ ಅಡ್ಡಗೆರೆ

"ಎರಡೂ ಒಂದೇ" ಎಂದು ಯಾರಾದರೂ ಅಂದರೆ ನಮ್ಮ ಮನೆಯವರು ಮಾಡುತ್ತಿದ್ದ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದರು. ಸಿಟ್ಟಿನಿಂದಲ್ಲ. ಅನ್ನದಲ್ಲಿ ಹರಳು ಸಿಕ್ಕವರ ಹಾಗೆ. ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಒಮ್ಮೆ ಉಳ್ಳಾಗಡ್ಡಿ ಮಾರುವವನು ಎರಡು ಗುಂಪು ತೋರಿಸಿ, "ಯಾವ್ದಾರ ತಗೋರಿ ಸಾವ್ಕಾರ್ರ, ಎರಡೂ ಒಂದ" ಅಂದ. ಇವರು ಬಗ್ಗಿ ನೋಡಿ, "ಒಂದ ಅನ್ನಬ್ಯಾಡಪ್ಪ, ಹತ್ರ ಅನ್ನು" ಅಂದರು. ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. "ಹತ್ರ ಅಂದ್ರ ಎಷ್ಟು ಹತ್ರ ಅಂತ ಹೇಳ್ಲಿ?" ಎಂದು ಗೇಲಿಗೆ ಕೇಳಿದ. ಇವರ ಮುಖ ಅರಳಿತು. "ಈಗ ಕೇಳಿದಿ ನೋಡು, ಇದು ಪ್ರಶ್ನಿ!" ಅಂದವರೇ ಎರಡೂ ಗುಂಪಿನಿಂದ ತೂಗಿಸಿಕೊಂಡರು. ಆ ವಾರವೆಲ್ಲ ಮನೆಯಲ್ಲಿ ಉಳ್ಳಾಗಡ್ಡಿ ಪಲ್ಯ.

ಅವರ ಹೆಸರು ಗುರುಬಸವರಾಜ. ಗಂಡನ ಹೆಸರನ್ನು ಹೆಂಡತಿ ಬಾಯಿಂದ ಹೇಳಬಾರದು ಎಂದು ನಮ್ಮಲ್ಲಿ ಇದೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ತಂಬ್ರಹಳ್ಳಿಯಲ್ಲಿ ಹುಟ್ಟಿದವರು. ಊರವರಿಗೆ ಗುರುಬಸಣ್ಣ, ಆಫೀಸಿನವರಿಗೆ ಗುರು. ಬೆಂಗಳೂರಿನಲ್ಲಿ ಎಲ್ಲರನ್ನೂ ಗುರು ಅನ್ನುತ್ತಾರೆ, ಆಟೋದವನನ್ನೂ. ಅಲ್ಲಿದ್ದ ಅಷ್ಟೂ ವರ್ಷ ರಸ್ತೆಯಲ್ಲಿ ಯಾರು ಯಾರನ್ನು ಕೂಗಿದರೂ ಇವರು ತಿರುಗಿ ನೋಡುತ್ತಿದ್ದರು. ಕೊರೊನಾ ಕಾಲದಲ್ಲಿ ಆಫೀಸಿಗೆ ಬೀಗ ಬಿದ್ದಾಗ ಹಗರಿಬೊಮ್ಮನಹಳ್ಳಿಗೆ ಬಂದೆವು, ರೈಲು ನಿಲ್ದಾಣದ ಹತ್ತಿರ ಮನೆ ಹಿಡಿದೆವು. ಬೀಗ ತೆಗೆದ ಮೇಲೂ ಅವರು ಹೋಗಲಿಲ್ಲ. ಅಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಕೂತು ಮಾಡಿದರು.

ತೆಳ್ಳನೆಯ ಮೈ, ಮೊಳಕಾಲ ತನಕ ಬರುವಂಥ ಕೈ. ಸ್ವಲ್ಪ ನಡೆಯುವುದು, ನಿಲ್ಲುವುದು, ಬಂದ ದಾರಿಯನ್ನು ತಿರುಗಿ ನೋಡುವುದು, ಮತ್ತೆ ನಡೆಯುವುದು. ಜೊತೆಗೆ ಹೋದವರಿಗೆ ಬಸ್ಸು ತಪ್ಪುತ್ತಿತ್ತು. ಎರಡು ಕೈಯಲ್ಲಿ ಎರಡು ಚೀಲ ಹಿಡಿದರೆ ಅರ್ಧ ದಾರಿಯಲ್ಲಿ ಎಡಗೈಯದನ್ನು ಬಲಗೈಗೆ, ಬಲಗೈಯದನ್ನು ಎಡಗೈಗೆ ಬದಲಿಸಿ, "ಹೌದು, ಇದಾ ಭಾರ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕೊಟ್ಟೂರಿನ ದರ್ಜಿಯೊಬ್ಬ ಮದುವೆಗೆ ಹೊಲಿದ ಕಂದು ಕೋಟು ಒಂದಿತ್ತು. ಕಂಪ್ಯೂಟರಿನ ಪರದೆಯಲ್ಲಿ ಆಫೀಸಿನವರ ಜೊತೆ ಮಾತಾಡುವಾಗ, ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲೂ, ಆ ಕೋಟು ಹಾಕಿಯೇ ಕೂರುತ್ತಿದ್ದರು. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಬಿಚ್ಚಿಡ್ರಿ ಅಂದರೆ, "ತಪ್ಪು ತೋರಿಸಾಕ ಹೊಂಟೀನಿ. ಬನೀನ ಮ್ಯಾಲ ಹೋಗಿ ಇನ್ನೊಬ್ರ ತಪ್ಪು ತೋರಿಸಬಾರ್ದು" ಅನ್ನುತ್ತಿದ್ದರು.

ಆ ಕೆಲಸ ಏನು ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ನಾನು ಓದಿದ್ದು ಏಳನೇ ಕ್ಲಾಸಿನ ತನಕ. ನನಗೆ ಅರ್ಥವಾಗಿದ್ದು ನಮ್ಮ ಮದುವೆಯ ಕಥೆಯಿಂದ.

ನನ್ನ ತವರು ಹಿರೇಹಡಗಲಿ. ಎರಡು ಮನೆಗಳ ನಡುವೆ ಮಾತು ತಂದವನು ನಮ್ಮಪ್ಪನ ಗೆಳೆಯ ಓಬಣ್ಣ. ನಮ್ಮ ಕಡೆ ಬಂದು, "ಹುಡುಗ ಕಂಪ್ಯೂಟರ್ದಾಗ ಅದಾನ" ಅಂದ. ನಮ್ಮಪ್ಪ ಅಂಗಡಿ ಇಟ್ಟಿದ್ದಾನೆ ಅಂದುಕೊಂಡ. ಅವರ ಕಡೆ ಹೋಗಿ, "ಹುಡುಗಿ ಓದ್ಯಾಳ" ಅಂದ. ಅವರು ಕಾಲೇಜು ಅಂದುಕೊಂಡರು. ಮದುವೆಯಾಗಿ ಬೆಂಗಳೂರಿಗೆ ಹೋದ ಮೇಲೆ ಇವರು ಒಂದು ಇಂಗ್ಲಿಷ್ ಪೇಪರ್ ಕೈಗೆ ಕೊಟ್ಟು ಆಫೀಸಿಗೆ ಹೊರಟರು. ನಾನು ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ: "ನಾ ಏಳನೇತ್ತಕ್ಕ ಬಿಟ್ಟೀನ್ರಿ." ಅವರು ಪೇಪರ್ ನೋಡಿದರು, ನನ್ನನ್ನು ನೋಡಿದರು, ಗೋಡೆಗೆ ಒರಗಿಕೊಂಡು ನಗುವುದಕ್ಕೆ ಶುರು ಮಾಡಿದರು. "ಓಬಣ್ಣ ಸುಳ್ಳು ಹೇಳಿಲ್ಲ ಬಿಡಲೇ. ನಡುವಿನಾವ ಚಿಲ್ರಿ ನುಂಗ್ಯಾನ, ಅಷ್ಟ."

ಆಮೇಲೆ ಗೊತ್ತಾಯಿತು, ನಡುವಿನವನು ಎಲ್ಲಿ ಚಿಲ್ಲರೆ ನುಂಗಿದ ಎಂದು ಹಿಡಿಯುವುದೇ ಅವರ ಉದ್ಯೋಗ. ಮನುಷ್ಯರು ಕಂಪ್ಯೂಟರಿಗೆ ಲೆಕ್ಕ ಬರೆದುಕೊಡುತ್ತಾರೆ. ಅವರು ಬರೆದ ಭಾಷೆ ಯಂತ್ರಕ್ಕೆ ತಿಳಿಯದು. ನಡುವೆ ಒಂದು ಪ್ರೋಗ್ರಾಮು ಇರುತ್ತದೆ, ಕಂಪೈಲರ್ ಅನ್ನುತ್ತಾರೆ. ಬರೆದದ್ದನ್ನು ಯಂತ್ರದ ಮಾತಿಗೆ ಇಳಿಸಿಕೊಡುವುದು ಅದರ ಕೆಲಸ. ಅದು ಜಾಣ. ಓಬಣ್ಣನ ಹಾಗೆ, ಉದ್ದ ಮಾತನ್ನು ಚಿಕ್ಕದು ಮಾಡುತ್ತದೆ. ಬೇಗ ಆಗಲಿ ಎಂದು ಹಿಂದಿನದನ್ನು ಮುಂದೆ ಹಾಕುತ್ತದೆ. ಪೂರ್ಣ ಸಂಖ್ಯೆಗಳಲ್ಲಿ ಈ ಜಾಣತನ ಅಷ್ಟು ಕಾಡುವುದಿಲ್ಲವಂತೆ. ಕಾಡುವುದು ದಶಾಂಶದಲ್ಲಿ. ಒಂದನ್ನು ಮೂರು ಪಾಲು ಮಾಡಿದರೆ ಮೂರು, ಮೂರು, ಮೂರು ಎಂದು ಮುಗಿಯದೇ ಹೋಗುತ್ತದಲ್ಲ, ಯಂತ್ರಕ್ಕೆ ಹತ್ತನೇ ಒಂದು ಪಾಲೂ ಹಾಗೆಯೇ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಬೇಕು. ಎಲ್ಲಿ ಕತ್ತರಿಸಬೇಕು ಎನ್ನುವುದಕ್ಕೆ ಲೋಕದವರೆಲ್ಲ ಒಪ್ಪಿದ ನಿಯಮ ಇದೆ. "ಕತ್ತರಿಸೋದು ತಪ್ಪಲ್ಲ. ನೇಮ ಬಿಟ್ಟು ಕತ್ತರಿಸೋದು ತಪ್ಪು" ಎನ್ನುವುದು ಅವರ ಮಾತು.

ಕೂಡುವ ಕ್ರಮ ಬದಲಾದರೂ ಉತ್ತರ ಬದಲಾಗುತ್ತದೆ ಎಂದಾಗ ನಾನು ನಂಬಲಿಲ್ಲ. ಅವರು ನನ್ನನ್ನು ಜೋಳದ ಚೀಲದ ಹತ್ತಿರ ಕರೆದುಕೊಂಡು ಹೋದರು. ಚೀಲವನ್ನು ತಕ್ಕಡಿಗಿಟ್ಟು ಅದರ ಮೇಲೆ ಒಂದೊಂದೇ ಕಾಳು ಹಾಕುತ್ತ ಪ್ರತಿ ಸಲ ತೂಕ ಬರೆದುಕೋ, ಮುಳ್ಳು ಅಲುಗುವುದಿಲ್ಲ, ಬರೆದದ್ದೂ ಬದಲಾಗುವುದಿಲ್ಲ. ಅದೇ ಕಾಳುಗಳನ್ನು ಮೊದಲು ಬೊಗಸೆಯಲ್ಲಿ ಕೂಡಿಸಿ ಒಮ್ಮೆಗೇ ಸುರಿ, ಮುಳ್ಳು ಏಳುತ್ತದೆ. ಯಂತ್ರವೂ ಹೀಗೆ ಪ್ರತಿ ಸಲ ಬರೆದುಕೊಂಡು ಮುಂದೆ ಹೋಗುತ್ತದೆ. ಹಾಗಾಗಿ ಯಾವುದನ್ನು ಮೊದಲು ಕೂಡು ಎಂದು ಬರೆದಿದ್ದಾರೋ ಅದನ್ನೇ ಮೊದಲು ಕೂಡಬೇಕು. ನಡುವಿನವನು ಕ್ರಮ ಬದಲಿಸಿದರೆ ಕಾಳು ಕಳೆಯುತ್ತದೆ.

ಇವರ ಪರೀಕ್ಷೆ ಹೀಗಿರುತ್ತಿತ್ತು. ಒಂದು ಚಿಕ್ಕ ಲೆಕ್ಕ ಬರೆಯುವರು. ನಡುವಿನವನಿಗೆ ಒಮ್ಮೆ "ಜಾಣತನ ಬೇಡ, ಹೇಳಿದ ಹಾಗೆ ಹೇಳು" ಎಂದು ಕೊಡುವರು. ಇನ್ನೊಮ್ಮೆ "ಜಾಣತನ ತೋರಿಸು" ಎಂದು ಕೊಡುವರು. ಎರಡು ಉತ್ತರವೂ ಕೊನೆಯ ಅಂಕಿಯ ತನಕ ಹೊಂದಬೇಕು. ಹೊಂದಿದರೆ ಪರದೆ ಹಸಿರು, ಹೊಂದದಿದ್ದರೆ ಕೆಂಪು. ಇಂಥ ಲೆಕ್ಕ ಸಾವಿರಾರು. ನಾನು ಕಾಫಿ ಕೊಡಲು ಹೋದಾಗ ಪರದೆ ಪೂರ್ತಿ ಹಸಿರಿದ್ದರೆ, "ಎಲ್ಲಾ ಚಲೋ ಐತಲ್ರಿ" ಅನ್ನುತ್ತಿದ್ದೆ. "ಚಲೋ ಐತಿ. ನಾನಾ ಸರಿಯಾಗಿ ಕೇಳಿಲ್ಲೋ ಏನೋ" ಅನ್ನುತ್ತಿದ್ದರು.

ನಮ್ಮತ್ತೆ ಶಿವಬಸಮ್ಮನಿಗೆ ಮಗನ ಈ ಕೆಲಸ ಕಂಡರೆ ಆಗುತ್ತಿರಲಿಲ್ಲ. ಅತ್ತೆ ಜೋಳ ಅಳೆಯುವಾಗ ಎಲ್ಲ ಹಿರಿಯರ ಹಾಗೆ ಒಂದು ಅನ್ನದೆ "ಲಾಭ" ಎಂದೇ ಶುರು ಮಾಡುವವರು: ಲಾಭ, ಎರಡು, ಮೂರು. ಇವರು ಒಮ್ಮೆ ಪಕ್ಕದಲ್ಲಿ ನಿಂತು, "ಯವ್ವಾ, ನಮ್ಮ ಕಂಪ್ಯೂಟರ್ದಾಗ ಸೊನ್ನಿಯಿಂದ ಎಣಸ್ತೀವಿ" ಅಂದರು. ಅತ್ತೆ ಸೇರು ಕೆಳಗಿಟ್ಟರು. "ಲಾಭದಿಂದ ಎಣಿಸಿದ ಮನಿಗಳಾ ನೆಟ್ಟಗ ನಿಂತಿಲ್ಲ. ಸೊನ್ನಿಯಿಂದ ಎಣಿಸಿದ್ರ ನಿಲ್ತಾವೇನಲೇ?" ಅಂದರು. ಅತ್ತೆ ಮತ್ತೆ ಮೊದಲಿಂದ ಅಳೆದರು.

ಅವರು ತಪ್ಪು ಮಾಡುತ್ತಿರಲಿಲ್ಲ ಎಂದಲ್ಲ. ಒಂದು ಸಲ ನಡುವಿನವನು ಭಾಗಾಕಾರ ಕೆಡಿಸುತ್ತಿದ್ದಾನೆ ಎಂದು ಬೆಂಗಳೂರಿನವರ ಮೇಲೆ ಏರಿಹೋದರು. ಕೋಟು ಹಾಕಿ, ಕೈ ಬೀಸಿ, ದಿನಗಟ್ಟಲೆ ವಾದ. ಕೊನೆಗೆ ನೋಡಿದರೆ ಕಂಪೈಲರ್ ಸರಿ ಇತ್ತು. ಸರಿಯುತ್ತರ ಇದು ಎಂದು ಹೋಲಿಸಲು ಇವರು ಯಾವುದನ್ನು ಇಟ್ಟುಕೊಂಡಿದ್ದರೋ ಅದೇ ಒಂದು ಕಡೆ ಎರಡು ಸಲ ಕತ್ತರಿಸಿಕೊಂಡಿತ್ತು. ಆ ದಿನ ಅವರು ಊಟಕ್ಕೆ ಕೂತು, "ತಕ್ಕಡಿ ಸೊಟ್ಟ ಇತ್ತು. ವ್ಯಾಪಾರಸ್ಥನ್ನ ಬೈದೆ" ಅಂದರು. ಮರುದಿನ ಮತ್ತೆ ಕೋಟು ಹಾಕಿಕೊಂಡು ಎಲ್ಲರ ಮುಂದೆ ಅದನ್ನೇ ಹೇಳಿದರು. ಅಲ್ಲಿಂದ ಮುಂದೆ ಕೆಂಪು ಕಂಡ ಕೂಡಲೇ ಯಾರಿಗೂ ಹೇಳುತ್ತಿರಲಿಲ್ಲ. ಮೊದಲು ತಟ್ಟೆ ಬದಲಿಸಿ ತೂಗುತ್ತಿದ್ದರು: ಬೇರೆ ಯಂತ್ರ, ಬೇರೆ ದಾರಿ. ಎರಡು ಕಡೆಯೂ ಅದೇ ಕೆಂಪು ಬಂದರೆ ಮಾತ್ರ ಬಾಯಿ ಬಿಡುವುದು. ಬಾಯಿ ಬಿಟ್ಟ ಮೇಲೆ ಯಾರಪ್ಪ ಬಂದರೂ ಹಿಂದೆ ಸರಿಯುವುದಿಲ್ಲ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅಂಥ ಒಂದು ಕೆಂಪು ಬಂತು. ಅವರ ಕೊನೆಯ ತಿಂಗಳುಗಳೆಲ್ಲ ಅದರಲ್ಲೇ ಹೋದವು.

ಲೆಕ್ಕ ಬಹಳ ಸಣ್ಣದು. ಸೊನ್ನೆಯಿಂದ ಒಂದು ಸಂಖ್ಯೆಯನ್ನು ಕಳೆ. ಐದನ್ನು ಕಳೆದರೆ ಋಣ ಐದು, ಅಂದರೆ ಐದರ ಮುಂದೆ ಒಂದು ಅಡ್ಡಗೆರೆ. ಜಾಣ ಕಂಪೈಲರ್ ಯೋಚನೆ ಮಾಡಿತು: ಕಳೆಯುವ ಗೊಡವೆ ಏಕೆ, ಸಂಖ್ಯೆಗೆ ಅಡ್ಡಗೆರೆ ಹಚ್ಚಿದರೆ ಆಯಿತಲ್ಲ. ಐದಕ್ಕೆ ಸರಿ, ಐವತ್ತಕ್ಕೆ ಸರಿ. ಆದರೆ ಕಳೆಯಬೇಕಾದದ್ದೇ ಸೊನ್ನೆಯಾದರೆ? ಸೊನ್ನೆಯಿಂದ ಸೊನ್ನೆ ಕಳೆದರೆ ಬರಿ ಸೊನ್ನೆ ಬರಬೇಕು. ಇದು ಅಡ್ಡಗೆರೆ ಹಚ್ಚಿ ಋಣ ಸೊನ್ನೆ ಕೊಟ್ಟಿತು. ದಶಾಂಶದ ನಿಯಮದಲ್ಲಿ ಆ ಎರಡು ಸೊನ್ನೆ ಬೇರೆ ಬೇರೆ. ಜಾಣತನ ಬೇಡ ಅಂದಾಗ ಒಂದು ಬರುತ್ತಿತ್ತು, ತೋರಿಸು ಅಂದಾಗ ಇನ್ನೊಂದು.

ಆಫೀಸಿನವರು ನಕ್ಕರು. ಸೊನ್ನೆ ಅಂದರೆ ಸೊನ್ನೆ, ಅದಕ್ಕೆಂಥ ಅಡ್ಡಗೆರೆ ಅಂದರು. ಆ ಕಂಪೈಲರಿಗಾಗಿ, ಗಾಳಿಯಿಂದ ಕರೆಂಟು ತೆಗೆಯುವ ಗಾಳಿ ಫ್ಯಾನು ಮಾಡುವ ಕಂಪನಿಯೊಂದು ಕಾಯುತ್ತಿತ್ತು. ಕೊಡುವ ಗಡುವು ಹತ್ತಿರ ಬಂದಿತ್ತು. ಒಂದು ಪರೀಕ್ಷೆ ಕೆಂಪಗಿದ್ದರೂ ಕೊಡುವ ಹಾಗಿಲ್ಲ. ಅದಕ್ಕೆ ಅವರು ಯೋಚಿಸಿದ್ದು, ಆ ಪರೀಕ್ಷೆಯನ್ನೇ ತೆಗೆದುಬಿಡುವುದು. ಅದನ್ನು ಬರೆದವರು ಒಪ್ಪಿದರೆ ತೆಗೆಯಬಹುದು. ಒಪ್ಪಿಸಲು ಸೋಮಶೇಖರ್ ಎಂಬ ಸಾಹೇಬರು ಬೆಂಗಳೂರಿನಿಂದ ತಾವೇ ಬಂದರು.

ಒಳ್ಳೆಯ ಮನುಷ್ಯ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅತ್ತೆಗೆ ಕೈ ಮುಗಿದು ಒಳಗೆ ಬಂದರು. ಇವರು ಕೋಟು ಹಾಕಿಕೊಂಡೇ ಎದುರುಗೊಂಡರು. ಮಾತು ಶುರುವಾಯಿತು. ಊಟದ ಹೊತ್ತಾಗಿತ್ತು. ರೊಟ್ಟಿ ಆಗಿತ್ತು, ಬೆಂಗಳೂರಿನವರು, ಅನ್ನ ಬೇಕಾದೀತು ಎಂದು ಡಬ್ಬಿ ತೆಗೆದರೆ ಅಕ್ಕಿ ಇಲ್ಲ. ನಾನು ಅಡಿಗೆ ಮನೆ ಬಾಗಿಲಿಗೆ ಬಂದು ಇವರಿಗೆ, "ಏನ್ರಿ, ಅಕ್ಕಿ ತುಂಬ್ಯಾವ್ರಿ" ಅಂದೆ.

ಸೋಮಶೇಖರ್ ಸಾಹೇಬರು ನಕ್ಕು, "ಒಳ್ಳೇದಾಯ್ತಲ್ಲ ಮೇಡಂ, ಹಾಗಾದ್ರೆ ಅನ್ನಾನೇ ಮಾಡಿ. ನಂಗೆ ರೊಟ್ಟಿ ಅಷ್ಟು ಅಭ್ಯಾಸ ಇಲ್ಲ" ಅಂದರು.

ನಾನು ಇವರನ್ನು ನೋಡಿದೆ. ಇವರು ಕೂತಲ್ಲಿಂದ ಎದ್ದು ನಿಂತೇ ಬಿಟ್ಟರು. "ಸರ್, ಅಕ್ಕಿ ಇಲ್ರಿ! ಮುಗದಾವು! ನಮ್ಮ ಮನ್ಯಾಗ ಮುಗೀತು, ಇಲ್ಲ ಅಂತ ಅನ್ನಂಗಿಲ್ಲ, ತುಂಬ್ಯಾವು ಅಂತೀವಿ. ದೀಪ ಆರ್ಸು ಅನ್ನಂಗಿಲ್ಲ, ಶಾಂತ ಮಾಡು ಅಂತೀವಿ. ಬಳಿ ಒಡದ್ವು ಅನ್ನಂಗಿಲ್ಲ, ಹೆಚ್ಚಿದ್ವು ಅಂತೀವಿ."

"ಅಂದ್ರೆ ಡಬ್ಬಿ ಖಾಲಿ?"

"ಖಾಲಿ. ಆದ್ರ ನಿನ್ನಿ ತನಕ ಅಕ್ಕಿ ಇದ್ದ ಡಬ್ಬಿ. ಅಂಗಡ್ಯಾಗಿಂದ ತಂದ ಹೊಸಾ ಡಬ್ಬೀನೂ ಖಾಲೀನ. ಎರಡೂ ಸೊನ್ನೀನ ಸರ್. ಒಂದಕ್ಕ ತುಂಬೈತಿ ಅಂತೀವಿ, ಇನ್ನೊಂದಕ್ಕ ಅನ್ನಂಗಿಲ್ಲ. ಎತ್ತಾಗಿಂದ ಬಂದ ಸೊನ್ನಿ ಅನ್ನೋದು ಮಾತಿನ್ಯಾಗ ಉಳೀತೈತಿ. ನನ್ನ ಅಡ್ಡಗೆರಿ ಅದ ಕೆಲಸ ಮಾಡತೈತ್ರಿ."

ಸಾಹೇಬರು ತಲೆದೂಗಿದರು. ಆದರೆ ಬಿಡಲಿಲ್ಲ. ಮಾತು ಚೆನ್ನಾಗಿದೆ ಗುರು, ಆದರೆ ಗಾಳಿ ಫ್ಯಾನಿಗೆ ಅದರಿಂದ ಏನಾಗಬೇಕು ಅಂದರು. ಅದು ನ್ಯಾಯವಾದ ಪ್ರಶ್ನೆ ಎಂದು ನನಗೂ ಅನ್ನಿಸಿತು. ನಾನು ಪಕ್ಕದ ಮನೆಯಿಂದ ಅಕ್ಕಿ ತಂದು ಒಲೆಗಿಟ್ಟೆ. ಅಷ್ಟರಲ್ಲಿ ಇವರು ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ, ಸಾಹೇಬರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿದ್ದರು.

ಹರಪನಹಳ್ಳಿ ಕಡೆ ಗುಡ್ಡಗಳ ಮೇಲೆ ನಿಂತಿರುವ ಫ್ಯಾನುಗಳನ್ನು ನಮ್ಮ ಕಡೆ ಎಲ್ಲರೂ ನೋಡಿದ್ದೇವೆ. ಗಾಳಿ ಎತ್ತ ಬೀಸುತ್ತದೋ ಅತ್ತ ಅವು ಮುಖ ತಿರುಗಿಸುತ್ತವೆ. ತಿರುಗಲು ಎಷ್ಟು ಬೇಕು ಎಂಬ ಲೆಕ್ಕವನ್ನು ಒಳಗಿನ ಕಂಪ್ಯೂಟರ್ ಮಾಡುತ್ತದೆ. ಮೇಲಿನಿಂದ ಕಂಬದೊಳಗೆ ದಪ್ಪ ತಂತಿಗಳು ಇಳಿದಿರುತ್ತವೆ. ಇವರು ಹಗ್ಗದ ಒಂದು ತುದಿಯನ್ನು ನಲ್ಲಿಯ ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಕೋಟಿನ ಮೇಲೆ ಸೊಂಟಕ್ಕೆ ಕಟ್ಟಿಕೊಂಡು, ಮೂಡಣಕ್ಕೆ ಮುಖ ಮಾಡಿ ನಿಂತರು.

"ನಾನಾ ಫ್ಯಾನು. ಹಗ್ಗ ತಂತಿ. ಗಾಳಿ ಪಡುವಲಕ್ಕೈತಿ. ಬಲಕ್ಕ ಅರ್ಧ ಸುತ್ತು ಅನ್ರಿ."

ಸಾಹೇಬರು ಅಂದರು. ಇವರು ಬಲಕ್ಕೆ ತಿರುಗಿ ಪಡುವಣಕ್ಕೆ ಮುಖ ಮಾಡಿದರು.

"ಈಗ ಗಾಳಿ ಅಲ್ಲೇ ಐತಿ, ಅಲುಗಿಲ್ಲ. ಆದ್ರ ಲೆಕ್ಕದಾಗ ಸೊನ್ನಿಗೆ ಅಡ್ಡಗೆರಿ ಬಂತು. ಎಡಾನೋ ಬಲಾನೋ ಹೇಳೋದು ಆ ಗೆರೀನ. ಮೂಡಣದಿಂದ ಬಲಕ್ಕ ಅರ್ಧ ಅನ್ನೋದು ಮೂಡಣದಿಂದ ಎಡಕ್ಕ ಅರ್ಧ ಆತು. ಅನ್ರಿ."

"ಎಡಕ್ಕೆ ಅರ್ಧ ಸುತ್ತು. ಅದೂ ಪಶ್ಚಿಮಾನೇ ಅಲ್ವಾ ಗುರು? ಎರಡೂ ಒಂದೇ."

ಆ ಮಾತಿಗೇ ಕಾದಿದ್ದವರ ಹಾಗೆ ಇವರು ಎಡಕ್ಕೆ ತಿರುಗತೊಡಗಿದರು. ಮೂಡಣಕ್ಕೆ ವಾಪಸು ಬಂದು, ಅಲ್ಲಿಂದ ಇನ್ನೂ ಎಡಕ್ಕೆ ಹೋಗಿ, ಇಡೀ ಒಂದು ಸುತ್ತು ಹಾಕಿ ಮತ್ತೆ ಅದೇ ಪಡುವಣಕ್ಕೆ ನಿಂತರು. ಹಗ್ಗ ಸೊಂಟಕ್ಕೆ ಸುತ್ತಿಕೊಂಡಿತ್ತು. "ಹ್ಞೂಂ, ಒಂದ" ಅಂದರು. "ಇದ್ದಲ್ಲೇ ಅದೀನಿ. ಮತ್ತ ಬಲಕ್ಕ ಅನ್ರಿ, ಮತ್ತ ಎಡಕ್ಕ ಅನ್ರಿ. ಗಾಳಿ ಇಷ್ಟೂ ಅಲುಗಿಲ್ಲ. ನಾ ಮಾತ್ರ ತಿರುಗ್ತಾ ಇರ್ತೀನಿ."

ಆಚೆ ಮನೆಯ ಹುಲುಗಪ್ಪ ಗೋಡೆಯ ಮೇಲಿಂದ ತಲೆ ಹಾಕಿ, "ಏನಾತೋ ಗುರುಬಸಣ್ಣ, ಗಾಣಕ್ಕ ಕಟ್ಯಾರೇನು?" ಅಂದ.

"ಬೆಂಗಳೂರಿಂದ ಸಾಹೇಬ್ರು ಬಂದಾರ. ಎಣ್ಣಿ ಬರ್ತೈತೇನು ನೋಡಾಕ್ಹತ್ಯಾರ" ಎಂದರು ಇವರು. ನಾನು ಒಳಗೆ ಬಂದು ನಕ್ಕೆ.

ಸಾಹೇಬರೂ ನಕ್ಕರು. ಆದರೆ ಅವರಿಗೂ ಗಡುವು ಇತ್ತು. ಅಂಥ ಸುತ್ತು ಹೆಚ್ಚಾದರೆ ಫ್ಯಾನು ತಾನೇ ನಿಲ್ಲುವ ಹಾಗೆ ಅದರಲ್ಲಿ ಕಾವಲು ಇಟ್ಟಿರುತ್ತಾರೆ, ಯಾವ ಅನಾಹುತವೂ ಆಗುವುದಿಲ್ಲ ಎಂದರು. ಇವರು ಹಗ್ಗ ಬಿಚ್ಚುತ್ತ, "ಕಾವಲುಗಾರ ಅದಾನ ಅಂತ ಬಾಗ್ಲಾ ತಗದಿಟ್ಟು ಮಲಗ್ತೀರೇನ್ರಿ ಸರ್?" ಎಂದರು. ಊಟ ಮಾಡಿ, ಅನ್ನವನ್ನು ಹೊಗಳಿ, ಸಾಹೇಬರು ಹೊರಟರು. ಹೊರಡುವಾಗ ಅಂದದ್ದು ಒಂದೇ ಮಾತು: "ನೋಡೋಣ ಗುರು." ಇವರು ಪರೀಕ್ಷೆ ತೆಗೆಯಲು ಒಪ್ಪಲಿಲ್ಲ. ಅವರು ಕಂಪೈಲರ್ ತಿದ್ದಿಸುತ್ತೇನೆಂದು ಹೇಳಲಿಲ್ಲ. ಕೆಂಪು ಕೆಂಪಾಗಿಯೇ ಉಳಿಯಿತು.

ಶಿವರಾತ್ರಿಯ ಹಿಂದಿನ ವಾರ ಅವರು ಸತ್ತರು. ಬೆಳಿಗ್ಗೆ ಹಲ್ಲುಜ್ಜಿ ಬಂದು ಕುರ್ಚಿಯಲ್ಲಿ ಕೂತರು, ಎದೆ ನಿಂತಿತು. ಡಾಕ್ಟರ್ ಅದಕ್ಕೆ ಉದ್ದನೆಯ ಹೆಸರು ಹೇಳಿದರು. ಕಾರ್ಡಿನಲ್ಲಿ ಲಿಂಗೈಕ್ಯರಾದರು ಎಂದು ಅಚ್ಚು ಹಾಕಿಸಿದರು. ಅಕ್ಕಿಗೆ ಬೇರೆ ಮಾತು ಹೇಳಬಲ್ಲೆ. ಇದಕ್ಕೆ ನನಗೆ ಸತ್ತರು ಎನ್ನುವುದೇ ಬರುತ್ತದೆ.

ಮಾತಾಡಿಸಲು ಬಂದವರು ಬಹಳ. ಒಬ್ಬ ಹಿರಿಯರು ಕೂತು, "ಇವತ್ತು ಅವ, ನಾಳಿ ನಾವು. ಯಾರಾದ್ರೇನವ್ವ, ಎಲ್ಲಾ ಒಂದ" ಅಂದರು. ನನ್ನ ತಲೆ ತಾನೇ ಎದ್ದಿತು. "ಒಂದ ಅನ್ನಬ್ಯಾಡ್ರಿ" ಅಂದೆ. ಅವರು ಎದ್ದು ಹೋದರು. ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟರು.

ದಿವಸದ ಕಾರ್ಯಗಳೆಲ್ಲ ಮುಗಿದ ಮೇಲೆ ಆಫೀಸಿನಿಂದ ಕೀರ್ತನಾ ಎಂಬ ಹುಡುಗಿ ಬಂದಳು. ಹರಪನಹಳ್ಳಿಯವಳು, ಇವರ ಕೈಕೆಳಗೆ ಕೆಲಸ ಕಲಿತವಳು. ಆಫೀಸಿನ ಕಂಪ್ಯೂಟರನ್ನು ವಾಪಸು ಒಯ್ಯಬೇಕಿತ್ತು. ನಾನು ಆ ದಿನ ಬೆಳಿಗ್ಗೆ ಜಮೀನಿನ ಪೌತಿ ಖಾತೆಗೆ ಅರ್ಜಿ ಕೊಟ್ಟು ಬಂದಿದ್ದೆ. ಸತ್ತವರ ಹೆಸರಿನಲ್ಲಿರುವುದನ್ನು ಉಳಿದವರ ಹೆಸರಿಗೆ ಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ಪೌತಿ ಖಾತೆ ಎನ್ನುತ್ತಾರೆ. ಕಾಗದಗಳಿನ್ನೂ ಕೈಯಲ್ಲೇ ಇದ್ದವು. ಅವಳು ಅಳುತ್ತ ಕೂತಳು. ಅವಳು ಅತ್ತು ಮುಗಿಸಲಿ ಎಂದು ಕಾದೆ. ಆಮೇಲೆ ಕೇಳಿದೆ.

"ಆ ಸೊನ್ನೀದು ಏನಾತವ್ವ?"

ಅವಳು ಕಣ್ಣೊರೆಸಿಕೊಂಡಳು. "ಇನ್ನೂ ಹಂಗಾ ಐತಿ ಅಕ್ಕ. ಆ ದೂರು ಸರ್ ಹೆಸರಿನಾಗೈತಿ. ಸರ್ ಬಿಟ್ರೆ ಬೇರೆ ಯಾರೂ ಅದನ್ನ ತೆಗಿಯಂಗಿರ್ಲಿಲ್ಲ. ಈಗ…" ಎಂದು ನಿಂತಳು.

"ಈಗ ಅವ್ರಿಲ್ಲ. ಹೇಳು."

"ಹೆಸರಿದ್ದವರು ಇಲ್ಲ ಅಂದ್ರೆ ಅದನ್ನ ಮುಚ್ಚಿಬಿಡ್ತಾರೆ. ಶುಕ್ರವಾರ ಮುಚ್ಚೋರಿದ್ದಾರೆ. ಸರ್ ಬರೆದ ಪರೀಕ್ಷೆ ತೆಗೆದು, ಕಂಪೈಲರನ್ನ ಫ್ಯಾನಿನವ್ರಿಗೆ ಕೊಡ್ತಾರೆ."

"ಮತ್ತ್ಯಾರ ಹೆಸರಿಗಾರ ಮಾಡಾಕ ಬರಂಗಿಲ್ಲೇನು?"

"ಬರ್ತೈತಿ. ಆದ್ರೆ ಯಾರ ಹೆಸರಿಗೆ ಮಾಡ್ತಾರೋ ಅವ್ರೇ ಹೊಣೆ ಅಕ್ಕ. ಗಡುವು ತಪ್ಪಿದ್ರೆ ಅವ್ರನ್ನೇ ಕೇಳ್ತಾರೆ. ನಾನು ಸೇರಿ ಇನ್ನೂ ಬಾಳ ದಿನ ಆಗಿಲ್ಲ."

ನಾನು ಅವಳಿಗೆ ಧೈರ್ಯ ಹೇಳಲಿಲ್ಲ. ಆ ಹುಡುಗಿಯ ನೌಕರಿ ನನ್ನದಲ್ಲ, ಖರ್ಚು ಮಾಡಲು. "ಅವ್ರು ಅಂದದ್ದು ಖರೇನೋ ಸುಳ್ಳೋ?" ಎಂದಷ್ಟೇ ಕೇಳಿದೆ.

"ಖರೇ ಅಕ್ಕ. ನಾನೂ ಬೇರೆ ಯಂತ್ರದಾಗೆ ಹಾಕಿ ನೋಡೀನಿ."

"ಹಂಗಾರ ನಿನಗ ಗೊತ್ತೈತಿ."

ನಾನು ಕಾಫಿ ಮಾಡಲು ಒಳಗೆ ಹೋದೆ. ಬಂದು ನೋಡಿದರೆ ಅವಳು ಚೀಲದಿಂದ ಆ ಕಂಪ್ಯೂಟರನ್ನು ಹೊರಗೆ ತೆಗೆದು, ಅವರು ಕೂರುತ್ತಿದ್ದ ಕುರ್ಚಿಯಲ್ಲಲ್ಲ, ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು ಏನೋ ಒತ್ತುತ್ತಿದ್ದಳು.

"ಮಾಡಿಬಿಟ್ಟೆ ಅಕ್ಕ. ನನ್ನ ಹೆಸರಿಗೆ ಹಾಕ್ಕೊಂಡೆ."

"ಪೌತಿ ಖಾತಿ ಆತು ಅನ್ನು" ಅಂದೆ.

ಅವಳು ಅಳುವಿನಲ್ಲೇ ನಕ್ಕಳು. ಜಮೀನಿನದು ಇನ್ನೂ ಓಡಾಟದಲ್ಲೇ ಇದೆ. ಇದು ಕಾಫಿ ಕುದಿಯುವಷ್ಟರಲ್ಲಿ ಆಯಿತು.

ಶುಕ್ರವಾರ ಆಫೀಸಿನವರಿಗೆ ಅದನ್ನು ಮುಚ್ಚಲಾಗಲಿಲ್ಲ. ಕೀರ್ತನಾಳನ್ನು ಕರೆದು ಕೇಳಿದರಂತೆ, ಗದರಿದರಂತೆ. ಅವಳೂ ಒಂದು ದುಪ್ಪಟ್ಟಾ ಸರಿಯಾಗಿ ಹೊದ್ದುಕೊಂಡು ಕೂತು ಉತ್ತರ ಹೇಳಿದಳಂತೆ. ಕೊನೆಗೆ ಸೋಮಶೇಖರ್ ಸಾಹೇಬರೇ ಫ್ಯಾನಿನವರಿಗೆ ತಡವಾಗುತ್ತದೆ ಎಂದು ಹೇಳಿ, ಕಂಪೈಲರ್ ಬರೆದವರನ್ನು ಕೂರಿಸಿ ತಿದ್ದಿಸಿದರು. ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲವಂತೆ. ತಪ್ಪನ್ನು ತಪ್ಪು ಎಂದು ಒಪ್ಪಲು ಹಿಡಿದದ್ದೇ ಹೆಚ್ಚು.

ಯುಗಾದಿ ಆದ ಮೇಲೆ ಸಾಹೇಬರು ಫೋನ್ ಮಾಡಿದರು. "ಅಮ್ಮ, ಅದು ಹಸಿರಾಯ್ತು. ಗುರು ಬರೆದ ಪರೀಕ್ಷೆ ತೆಗೆದಿಲ್ಲ. ಇನ್ಮುಂದೆ ಪ್ರತಿ ಸಲ ಅದು ಓಡುತ್ತೆ" ಅಂದರು. ಆಮೇಲೆ, "ನಾವೆಲ್ಲ ಅವರಿಗೆ ಬರೀ ಅನುಮಾನ ಅಂತಿದ್ವಿ. ನಮ್ಮ ಕೆಲಸದ ಮೇಲೆ ನಂಬಿಕೆ ಇಲ್ಲ ಅಂತಿದ್ವಿ" ಅಂದರು.

"ಇಲ್ರಿ ಸರ್" ಅಂದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಅವರಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತೇನೆ.

ಮಡಕೆ ಮಾರುವವರ ಮುಂದೆ ಹೋಗಿ ನಿಂತು ನೋಡಿ. ದಾರಿಯಲ್ಲಿ ಹೋಗುವವರು ಎಷ್ಟೋ ಜನ, ಎಂಥ ಚೆಂದದ ಮಡಕೆ ಎಂದು ಹೊಗಳಿ ಮುಂದೆ ಹೋಗುತ್ತಾರೆ. ಅವರಿಗೆ ಮಡಕೆ ಬೇಕಾಗಿಲ್ಲ. ಒಬ್ಬಳು ಬರುತ್ತಾಳೆ, ಕೂರುತ್ತಾಳೆ, ಒಂದೊಂದನ್ನೇ ಕೈಗೆತ್ತಿಕೊಂಡು ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟುತ್ತಾಳೆ, ಕಿವಿ ಹತ್ತಿರ ತರುತ್ತಾಳೆ, ಮತ್ತೆ ತಟ್ಟುತ್ತಾಳೆ. ಮಾರುವವನಿಗೆ ಬೇಸರ, ಹಿಂದೆ ನಿಂತವರಿಗೆ ಅವಸರ. ಆದರೆ ಆ ಮಡಕೆಯನ್ನು ತಲೆಯ ಮೇಲೆ ಹೊತ್ತು ಮನೆಗೆ ಒಯ್ಯುವವಳು ಅವಳೇ, ಅದರ ನೀರು ಕುಡಿಯುವವಳು ಅವಳೇ. ನಮ್ಮ ಮನೆಯವರು ಆ ಜಾತಿಯವರು. ತಟ್ಟಿ ನೋಡುವವರಿಗೆ ನಂಬಿಕೆ ಇಲ್ಲ ಎನ್ನಬಾರದು. ನಂಬಬೇಕೆಂದು ಬಂದವರೇ ತಟ್ಟುತ್ತಾರೆ.